ದನದ ಕಣ್ಣಿಗೆ ಕಂಡ ದಾರಿ

ಮೂರೂವರೆ ವರ್ಷದವರೆಗೂ ಆ ಮಗುವಿಗೆ ಮಾತು ಬರಲಿಲ್ಲ. ಎತ್ತಿಕೊಳ್ಳಲು ಹೋದರೆ ಮೈ ಸೆಟೆದುಕೊಳ್ಳುತ್ತಿತ್ತು, ಏನಾದರೂ ಬೇಕಾದರೆ ಕಿರುಚುತ್ತಿತ್ತು. 1947ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಹುಟ್ಟಿದ ಈ ಟೆಂಪಲ್ ಗ್ರಾಂಡಿನ್‌ಗೆ ಮಿದುಳಿನ ತೊಂದರೆಯಿದೆ ಎಂದರು ವೈದ್ಯರು. ಯಾವುದಾದರೂ ಸಂಸ್ಥೆಗೆ ಸೇರಿಸಿಬಿಡಿ ಎಂಬ ಸಲಹೆಯೂ ಬಂತು. ತಾಯಿ ಒಪ್ಪಲಿಲ್ಲ. ಮಾತು ಕಲಿಸುವವರನ್ನು ಹುಡುಕಿ ಮಗಳಿಗೆ ಕಲಿಸಿದರು. ಆಟಿಸಂ ಇದ್ದ ಆ ಹುಡುಗಿ ಮುಂದೆ ಕೊಲರಾಡೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪ್ರಾಣಿ ವಿಜ್ಞಾನದ ಪ್ರಾಧ್ಯಾಪಕಿಯಾದರು. ಅಮೆರಿಕ, ಕೆನಡಾಗಳ ಕಸಾಯಿಖಾನೆಗೆ ಹೋಗುವ ಸುಮಾರು ಅರ್ಧದಷ್ಟು ದನಗಳು ಇಂದು ಅವರು ರೂಪಿಸಿದ ಸಲಕರಣೆಗಳ ಮೂಲಕವೇ ಹಾದುಹೋಗುತ್ತವೆ. ದನಗಳ ಜೊತೆ ಮಾತಾಡುವ ಶಕ್ತಿ ಅವರಿಗಿದೆ ಎಂದು ಜನ ಬೆರಗಾಗುವುದುಂಟು. ಆದರೆ ಆ ಶಕ್ತಿಯನ್ನು ಬಿಡಿಸಿ ನೋಡಿದರೆ ಸಿಗುವುದು ಕಣ್ಣು, ಕಿವಿ, ಕೋನ, ನೆರಳುಗಳ ಲೆಕ್ಕ.

ಗ್ರಾಂಡಿನ್‌ಗೆ ಹದಿಹರೆಯ ಸುಲಭವಾಗಿರಲಿಲ್ಲ. ಸಹಪಾಠಿಗಳ ಗೇಲಿ, ಒಂದು ಶಾಲೆಯಿಂದ ಹೊರಹಾಕಿಸಿಕೊಂಡದ್ದು, ಇವೆಲ್ಲದರ ಜೊತೆಗೆ ಕಾರಣವಿಲ್ಲದೆ ನುಗ್ಗಿಬರುವ ಭಯ. ಬೇಸಿಗೆ ರಜೆಗೆ ಅರಿಜೋನಾದ ಬಂಧುಗಳ ರ‍್ಯಾಂಚ್‌ಗೆ ಹೋದಾಗ ಅಲ್ಲಿ ದನಗಳಿಗೆ ಲಸಿಕೆ ಹಾಕುವುದನ್ನು ಕಂಡಳು. ನಮ್ಮ ಪಶು ಆಸ್ಪತ್ರೆಯ ಅಂಗಳದಲ್ಲಿ ದನವನ್ನು ನಿಲ್ಲಿಸುವ ಟ್ರೆವಿಸ್ ಬರೀ ಕಬ್ಬಿಣದ ಕೊಳವೆಗಳ ಚೌಕಟ್ಟು. ಆ ರ‍್ಯಾಂಚ್‌ನಲ್ಲಿದ್ದದ್ದು ಎರಡೂ ಪಕ್ಕದ ಹಲಗೆಗಳು ಒಳಗೆ ಸರಿದು ದನವನ್ನು ಅದುಮಿ ಹಿಡಿಯುವ ಯಂತ್ರ. ಒದ್ದಾಡುತ್ತ ಒಳಹೊಕ್ಕ ಎಷ್ಟೋ ದನಗಳು ಹಲಗೆ ಬಿಗಿಯಾಗುತ್ತಿದ್ದಂತೆ ಸುಮ್ಮನಾಗುತ್ತಿದ್ದವು. ಹುಡುಗಿ ತಾನೇ ಅದರೊಳಗೆ ಹೊಕ್ಕು ಹಲಗೆ ಒತ್ತಿಸಿಕೊಂಡಳು. ಮನಸ್ಸಿನ ಗಾಬರಿ ಇಳಿಯಿತು.

ಹದಿನೆಂಟರ ಹೊತ್ತಿಗೆ ಪ್ಲೈವುಡ್‌ನಲ್ಲಿ ತನಗೇ ಅಂಥದೊಂದು ಯಂತ್ರ ಮಾಡಿಕೊಂಡಳು. ಮನೋವೈದ್ಯರು ಇದೇನು ವಿಕಾರ ಎಂದು ಹುಬ್ಬೇರಿಸಿದರು. ವಿಜ್ಞಾನದ ಮೇಷ್ಟ್ರು ಮಾತ್ರ, ಒತ್ತಿದರೆ ಸಮಾಧಾನ ಯಾಕಾಗುತ್ತದೆ ಎಂದು ನೀನೇ ಓದಿ ಕಂಡುಹಿಡಿ ಅಂದರು. ಅಳುವ ಕೂಸನ್ನು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿದರೆ ಅಳು ನಿಲ್ಲಿಸುವಂತೆ, ಮೈಮೇಲೆ ಹರಡಿದ ಒತ್ತಡ ನರಮಂಡಲದ ಉದ್ವೇಗವನ್ನು ತಗ್ಗಿಸಬಲ್ಲದು. ಆದರೆ ಅದಕ್ಕೂ ಹದವಿದೆ. ಸಡಿಲವಾದರೆ ದನಕ್ಕೆ ಹಿಡಿದಂತೆ ಅನಿಸುವುದಿಲ್ಲ, ಮಿತಿಮೀರಿದರೆ ನೋವಾಗುತ್ತದೆ, ತಟ್ಟನೆ ಅದುಮಿದರೆ ಬೆದರುತ್ತದೆ. ನಿಧಾನವಾಗಿ, ಒಂದೇ ಸಮನೆ ಒತ್ತಬೇಕು. ಈ ವಿಷಯದ ಮೇಲೆ ಗ್ರಾಂಡಿನ್ 1992ರಲ್ಲಿ ಸಂಶೋಧನಾ ಲೇಖನವನ್ನೇ ಪ್ರಕಟಿಸಿದರು.

1970ರ ದಶಕದ ಆರಂಭದಲ್ಲಿ ಅವರು ಅರಿಜೋನಾದ ದನ ಸಾಕುವ ಕೇಂದ್ರಗಳನ್ನು ಸುತ್ತಿದರು. ಎಲ್ಲೆಡೆ ಒಂದೇ ದೂರು: ದನ ಮುಂದೆ ಹೋಗುವುದಿಲ್ಲ. ಎಲ್ಲೆಡೆ ಒಂದೇ ಉಪಾಯ: ಕೂಗು, ಕೋಲು, ವಿದ್ಯುತ್ ಶಾಕ್. ಗ್ರಾಂಡಿನ್ ಕ್ಯಾಮೆರಾ ಹಿಡಿದು ದನ ಹೋಗುವ ಇಕ್ಕಟ್ಟು ಓಣಿಗೇ ಇಳಿದರು. ಬಾಗಿ, ದನದ ಕಣ್ಣಿನ ಎತ್ತರದಿಂದ ಕಪ್ಪು ಬಿಳುಪು ಚಿತ್ರ ತೆಗೆದರು. ಕೆಲಸಗಾರರು ನಕ್ಕರು. ದನ ಎಲ್ಲಿ ನಿಲ್ಲುತ್ತದೆಯೋ ಅಲ್ಲಿ ಏನಾದರೊಂದು ಇದ್ದೇ ಇರುತ್ತಿತ್ತು: ತೂಗಾಡುವ ಸರಪಳಿಯ ತುದಿ, ಬೇಲಿಗೆ ನೇತುಹಾಕಿದ ಅಂಗಿ, ನೆಲಕ್ಕೆ ಅಡ್ಡ ಬಿದ್ದ ಕಂಬದ ನೆರಳು, ಹೊಂಡದ ನೀರಿನ ಹೊಳಪು.

ಇದರ ಕಾರಣ ಕಣ್ಣಿನ ರಚನೆಯಲ್ಲೇ ಇದೆ. ದನದ ಕಣ್ಣುಗಳು ತಲೆಯ ಎರಡು ಪಕ್ಕದಲ್ಲಿವೆ. ತಲೆ ತಿರುಗಿಸದೆಯೇ ಅದು ಸುತ್ತಲಿನ 360 ಡಿಗ್ರಿಯಲ್ಲಿ 300ಕ್ಕೂ ಹೆಚ್ಚನ್ನು ನೋಡಬಲ್ಲದು. ಕಾಣದೇ ಇರುವುದು ನೇರ ಬೆನ್ನ ಹಿಂದಿನ ಜಾಗ. ಹಸಿದ ಪ್ರಾಣಿ ಯಾವ ದಿಕ್ಕಿನಿಂದ ಬಂದರೂ ಗೊತ್ತಾಗಬೇಕಲ್ಲ! ಈ ಅನುಕೂಲಕ್ಕೆ ತೆತ್ತ ಬೆಲೆಯೂ ಇದೆ. ಎರಡೂ ಕಣ್ಣಿಗೆ ಒಟ್ಟಿಗೆ ಕಾಣುವ ಜಾಗ ಮುಂದೆ ತೀರಾ ಕಿರಿದು, ಹಾಗಾಗಿ ಆಳ ಅಂದಾಜಿಸಲು ಅದು ನಿಂತು ತಲೆ ತಗ್ಗಿಸಲೇಬೇಕು. ನೆಲದ ಮೇಲಿನ ಕಡುನೆರಳು ಗುಂಡಿಯೋ ಅಲ್ಲವೋ ಎಂದು ಅದಕ್ಕೆ ಒಮ್ಮೆಲೇ ತಿಳಿಯುವುದಿಲ್ಲ. ಅಮೆರಿಕದ ಕೆಲವು ರಸ್ತೆಗಳಲ್ಲಿ ದನ ತಡೆಯಲು ಬರೀ ಬಿಳಿ ಪಟ್ಟೆ ಬಳಿದಿರುತ್ತಾರೆ. ದನ ಅದನ್ನೂ ಕಂದಕವೆಂದು ಬಗೆದು ಹಿಂಜರಿಯುತ್ತದೆ. ಬೆಳಕಿನಿಂದ ಕತ್ತಲೆಗೆ ಕಾಲಿಡಲೂ ಹೆದರುತ್ತದೆ. ಕಿವಿಯೂ ನಮಗಿಂತ ಚುರುಕು. ನಮಗೆ ಸುಮಾರು 20 ಸಾವಿರ ಹರ್ಟ್ಸ್‌ಗೆ ಸದ್ದು ನಿಂತುಹೋದರೆ ದನಕ್ಕೆ 35 ಸಾವಿರದವರೆಗೂ ಕೇಳಿಸುತ್ತದೆ. ನಾವು ಹುರಿದುಂಬಿಸಲು ಹಾಕುವ ಕೀರಲು ಕೂಗು ಅದಕ್ಕೆ ಹಿಂಸೆ.

ದನ ಕಾಯುವ ಹುಡುಗರು ಹೇಳಿಸಿಕೊಳ್ಳದೆ ಕಲಿಯುವ ಇನ್ನೊಂದು ಪಾಠವನ್ನು ಗ್ರಾಂಡಿನ್ ನಕ್ಷೆಯಲ್ಲೇ ಬರೆದರು. ಪ್ರತಿ ದನದ ಸುತ್ತಲೂ ಕಾಣದ ಗೆರೆಯೊಂದಿದೆ. ಅದನ್ನು ದಾಟಿ ಹತ್ತಿರ ಹೋದರೆ ಅದು ಸರಿಯುತ್ತದೆ, ಹಿಂದೆ ಸರಿದರೆ ನಿಲ್ಲುತ್ತದೆ. ಯಾವ ಕಡೆ ಸರಿಯಬೇಕೆಂದು ತೀರ್ಮಾನಿಸುವುದು ಹೆಗಲು. ಹೆಗಲಿಗಿಂತ ಹಿಂದೆ ನಿಂತರೆ ದನ ಮುಂದೆ ಹೋಗುತ್ತದೆ, ಹೆಗಲಿಗಿಂತ ಮುಂದೆ ನಿಂತರೆ ಹಿಂದೆ ಬರುತ್ತದೆ. ಮುಖದ ಎದುರು ನಿಂತು ಹಿಂಭಾಗಕ್ಕೆ ಹೊಡೆಯುವವರು ಒಂದೇ ಸಲಕ್ಕೆ ಎರಡು ವಿರುದ್ಧ ಆಜ್ಞೆ ಕೊಟ್ಟಂತೆ. ದನಕ್ಕೆ ಬಂದ ದಾರಿಗೇ ಮರಳುವ ಸ್ವಭಾವವೂ ಇದೆ. ಅದಕ್ಕೇ ಗ್ರಾಂಡಿನ್ ಓಣಿಯನ್ನು ಬಾಗಿಸಿ ಕಟ್ಟಿಸಿದರು, ಪಕ್ಕದ ಗೋಡೆಗಳನ್ನು ಸಂದಿಲ್ಲದಂತೆ ಮುಚ್ಚಿಸಿದರು. ಹೊರಗಿನ ಓಡಾಟ ಕಾಣದೆ, ಹಿಂದಕ್ಕೆ ಹೋಗುತ್ತಿದ್ದೇನೆಂಬ ಭಾವದಲ್ಲೇ ದನ ಮುಂದೆ ನಡೆಯುತ್ತದೆ.

ನಮ್ಮ ದನದ ಜಾತ್ರೆಗಳಲ್ಲಿ ಎತ್ತು ಕೊಳ್ಳುವವರು ಹಲ್ಲಿನ ಜೊತೆಗೆ ಸುಳಿಯನ್ನೂ ನೋಡುತ್ತಾರೆ. ಆ ಲೆಕ್ಕ ಮನೆಯ ಶುಭಾಶುಭದ್ದು. ಗ್ರಾಂಡಿನ್ ಮತ್ತು ಸಂಗಡಿಗರು 1995ರಲ್ಲಿ ಸುಳಿಯನ್ನು ಬೇರೊಂದು ಕಾರಣಕ್ಕೆ ನೋಡಿದರು. ಹಣೆಯ ಸುಳಿ ಕಣ್ಣುಗಳಿಗಿಂತ ಮೇಲಿದ್ದ ದನಗಳು ಹಿಡಿದು ನಿಲ್ಲಿಸಿದಾಗ ಹೆಚ್ಚು ಒದ್ದಾಡಿದವು, ಕೆಳಗಿದ್ದವು ಅಷ್ಟಾಗಿ ಒದ್ದಾಡಲಿಲ್ಲ. ಭ್ರೂಣದಲ್ಲಿ ಚರ್ಮವೂ ನರಮಂಡಲವೂ ಒಂದೇ ಪದರದಿಂದ ಮೂಡುತ್ತವೆ, ನಂಟು ಅಲ್ಲಿರಬಹುದು. ಅದೃಷ್ಟದ ಮಾತು ಹೇಗಾದರೂ ಇರಲಿ, ಸುಳಿಗೂ ಸ್ವಭಾವಕ್ಕೂ ಸಂಬಂಧ ಕಂಡಿತು.

ಇಷ್ಟೊಂದು ಕಾಳಜಿ ಕೊನೆಗೆ ಕಸಾಯಿಖಾನೆಗಾಗಿಯೇ ಎಂದು ಓದುಗರಿಗೆ ಇರುಸುಮುರುಸಾದೀತು. ಮನುಷ್ಯ ಮಾಂಸ ತಿನ್ನುವವರೆಗೂ ಆ ಪ್ರಾಣಿಗೆ ಭಯವಿಲ್ಲದ ಬದುಕು, ನೋವಿಲ್ಲದ ಸಾವು ಕೊಡುವುದು ನಮ್ಮ ಹೊಣೆ ಎಂಬುದು ಗ್ರಾಂಡಿನ್ ನಿಲುವು. ಅದನ್ನು ಅವರು ಅಳೆಯುವಂತೆಯೂ ಮಾಡಿದರು. ಕಸಾಯಿಖಾನೆಯೊಳಗೆ ಸಾಗಿಸುವಾಗ 100 ದನಗಳಲ್ಲಿ 3ಕ್ಕಿಂತ ಹೆಚ್ಚು ಕೂಗಿದರೆ ಅದು ಫೇಲ್. 1999ರಲ್ಲಿ ಮೆಕ್‌ಡೊನಾಲ್ಡ್ಸ್ ಇಂಥ ತಪಾಸಣೆ ಶುರು ಮಾಡಿದಾಗ ಕಸಾಯಿಖಾನೆಗಳು ದುರಸ್ತಿಗೆ ಇಳಿದವು. ಆಟಿಸಂ ಇರುವವರ ಯೋಚನೆಯೂ ಪ್ರಾಣಿಗಳ ಯೋಚನೆಯೂ ಒಂದೇ ಬಗೆಯದು, ಚಿತ್ರಗಳಲ್ಲಿ ನಡೆಯುವಂಥದು ಎಂಬ ಅವರ ವಾದವನ್ನು ಮಾತ್ರ ಎಲ್ಲರೂ ಒಪ್ಪಿಲ್ಲ. 2008ರಲ್ಲಿ ಪ್ರಾಣಿಗಳ ಬುದ್ಧಿಯನ್ನು ಅಧ್ಯಯನ ಮಾಡುವ ಹಲವು ವಿಜ್ಞಾನಿಗಳು ಅದನ್ನು ಪ್ರಶ್ನಿಸಿ ಬರೆದರು. ಆಟಿಸಂ ಇರುವ ಎಲ್ಲರೂ ತನ್ನಂತೆ ಚಿತ್ರಗಳಲ್ಲೇ ಯೋಚಿಸುವುದಿಲ್ಲ ಎಂದು ಗ್ರಾಂಡಿನ್ ಕೂಡ ಮುಂದೆ ತಿದ್ದಿಕೊಂಡರು.

ವಾದ ಏನೇ ಆಗಲಿ, ಅವರು ಕಂಡದ್ದನ್ನು ಯಾರು ಬೇಕಾದರೂ ಪರೀಕ್ಷಿಸಬಹುದು. ಕಾಲುಬಾಯಿ ಜ್ವರದ ಲಸಿಕೆಗೆ ಹೊರಟ ಹಸು ಟೆಂಪೊ ಹತ್ತಲು ಒಲ್ಲೆನೆಂದರೆ ಬಾಲ ತಿರುಚಬೇಕಿಲ್ಲ. ಬಾಗಿ, ಅದರ ಮುಖದ ಎತ್ತರದಿಂದ ಮುಂದೆ ನೋಡಿ. ಪಟಪಟಿಸುವ ಟಾರ್ಪಾಲಿನ ತುದಿ, ಹಲಗೆಯ ಸಂದು, ಟೆಂಪೊ ಒಳಗಿನ ಕತ್ತಲೆ, ಏನೋ ಒಂದು ಸಿಗುತ್ತದೆ. ಅದನ್ನು ಸರಿಪಡಿಸಿ, ಆಮೇಲೆ ಬಾಯಿ ಮುಚ್ಚಿಕೊಂಡು ಹಸುವಿನ ಹೆಗಲಿಗಿಂತ ಹಿಂದೆ, ಅದರ ಕಣ್ಣಿಗೆ ಬೀಳುವಂತೆ ನಿಲ್ಲಿ.