ಕೃಷಿ ಪದವಿ ಪ್ರವೇಶ: ಇಚ್ಛಾಪಟ್ಟಿಯಲ್ಲಿ ಎಷ್ಟು ಆವರಣಗಳನ್ನು ನಮೂದಿಸಬೇಕು?

ರಾಜ್ಯದ ಕೃಷಿ, ತೋಟಗಾರಿಕೆ ಮತ್ತು ಅರಣ್ಯ ವಿಜ್ಞಾನ ಪದವಿಗಳ ಸೀಟುಗಳನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಸಾಮಾನ್ಯ ಪ್ರವೇಶ ಪರೀಕ್ಷೆಯ ನಂತರ ಗಣಕೀಕೃತ ವ್ಯವಸ್ಥೆಯ ಮೂಲಕ ಹಂಚಿಕೆ ಮಾಡುತ್ತದೆ. ಅಭ್ಯರ್ಥಿಯು ಪ್ರತಿ ಆವರಣಕ್ಕೂ ಪ್ರತ್ಯೇಕ ಅರ್ಜಿ ಸಲ್ಲಿಸುವ ಅಗತ್ಯವಿರುವುದಿಲ್ಲ. ಒಂದೇ ಇಚ್ಛಾಪಟ್ಟಿಯಲ್ಲಿ ಕಾಲೇಜು ಮತ್ತು ಕೋರ್ಸುಗಳನ್ನು ಆದ್ಯತೆಯ ಕ್ರಮದಲ್ಲಿ ನಮೂದಿಸತಕ್ಕದ್ದು. ಧಾರವಾಡದ ಕೃಷಿ ಪದವಿ ಒಂದು ಇಚ್ಛೆಯಾದರೆ ಶಿರಸಿಯ ಅರಣ್ಯ ಪದವಿ ಮತ್ತೊಂದು ಇಚ್ಛೆ. ಇಚ್ಛೆಗಳ ಸಂಖ್ಯೆಗೆ ಮಿತಿಯಿಲ್ಲ. ಪ್ರತಿ ಇಚ್ಛೆಗೆ ಪ್ರತ್ಯೇಕ ಶುಲ್ಕವೂ ಇಲ್ಲ.

ಹೀಗಿದ್ದರೂ ಅನೇಕರು ಎರಡು ಮೂರು ಹೆಸರುಗಳನ್ನಷ್ಟೇ ಬರೆದು ನಿಲ್ಲಿಸುತ್ತಾರೆ. ದೂರದ ಆವರಣವನ್ನು ನಮೂದಿಸಿದರೆ ಅಲ್ಲಿಗೇ ಕಳುಹಿಸಿಬಿಡುತ್ತಾರೆಂಬ ಭಯ ಪೋಷಕರಲ್ಲಿದೆ. ಈ ಭಯಕ್ಕೆ ಆಧಾರವಿಲ್ಲ. ಗಣಕಯಂತ್ರವು ಅಭ್ಯರ್ಥಿಗಳನ್ನು ರ್‍ಯಾಂಕ್ ಕ್ರಮದಲ್ಲಿ ತೆಗೆದುಕೊಂಡು, ಅವರವರ ಪಟ್ಟಿಯನ್ನು ಮೇಲಿನಿಂದ ಕೆಳಗೆ ಪರಿಶೀಲಿಸಿ, ಅರ್ಹ ಪ್ರವರ್ಗದಲ್ಲಿ ಲಭ್ಯವಿರುವ ಮೊದಲನೆಯ ಸೀಟನ್ನು ನೀಡುತ್ತದೆ. ಹತ್ತನೆಯ ಇಚ್ಛೆಯನ್ನು ನೋಡುವುದು ಮೇಲಿನ ಒಂಬತ್ತೂ ದೊರೆಯದಿದ್ದಾಗ ಮಾತ್ರ. ಅಂತೆಯೇ, ಒಂದು ಕಾಲೇಜನ್ನು ಮೊದಲನೆಯದಾಗಿ ಬರೆದ ಮಾತ್ರಕ್ಕೆ ಅದೇ ಪ್ರವರ್ಗದಲ್ಲಿ ಉತ್ತಮ ರ್‍ಯಾಂಕ್ ಉಳ್ಳವರನ್ನು ಹಿಂದಿಕ್ಕಲು ಸಾಧ್ಯವಿಲ್ಲ.

ಉದಾಹರಣೆಗೆ, ರೈತ ಕುಟುಂಬದ ಅಭ್ಯರ್ಥಿಯೊಬ್ಬಳು ಬೆಂಗಳೂರಿನ ಜಿ.ಕೆ.ವಿ.ಕೆ. ಮತ್ತು ಧಾರವಾಡ ಇವೆರಡನ್ನೇ ನಮೂದಿಸಿದ್ದಾಳೆಂದು ಭಾವಿಸೋಣ. ಆಕೆಯ ಸರದಿ ಬರುವಷ್ಟರಲ್ಲಿ ಎರಡೂ ಕಡೆ ಸೀಟುಗಳು ಭರ್ತಿಯಾಗಿರುತ್ತವೆ. ವಿಜಯಪುರದಲ್ಲಿ ಅಥವಾ ಹನುಮನಮಟ್ಟಿಯಲ್ಲಿ ಸೀಟು ಇದ್ದರೂ ಪಟ್ಟಿಯಲ್ಲಿ ಹೆಸರಿಲ್ಲದ ಕಾರಣ ಅದು ಆಕೆಗಿಂತ ಹಿಂದಿನ ರ್‍ಯಾಂಕಿನವರಿಗೆ ಸಲ್ಲುತ್ತದೆ. ಮುಂದಿನ ಸುತ್ತುಗಳಲ್ಲಿ ಹೊಸ ಇಚ್ಛೆ ಸೇರಿಸಬಹುದೆಂದು ನೆಚ್ಚಿ ಕೂರುವುದು ಸೂಕ್ತವಲ್ಲ. ಆ ಬಗ್ಗೆ ಆಯಾ ವರ್ಷದ ಸೂಚನೆಯೇ ಅಂತಿಮ. ಎರಡು ಹೆಸರುಗಳ ಪಟ್ಟಿಯಿಂದ ಹೀಗೆ ಒಂದು ವರ್ಷವೇ ಕೈತಪ್ಪಬಹುದು.

ಹಾಗೆಂದು ಸಿಕ್ಕಸಿಕ್ಕ ಹೆಸರುಗಳನ್ನು ತುಂಬುವುದೂ ತರವಲ್ಲ. ಒಂದು ಇಚ್ಛೆಯು ಹಂಚಿಕೆಯಾದೊಡನೆ ಅದರ ಕೆಳಗಿನ ಇಚ್ಛೆಗಳು ತಾವಾಗಿಯೇ ರದ್ದಾಗುತ್ತವೆ. ಸೇರಲು ಮನಸ್ಸಿಲ್ಲದ ಕಾಲೇಜನ್ನು ಮೇಲೆ ಬರೆದಿದ್ದಲ್ಲಿ ಅದರ ಕೆಳಗಿದ್ದ ಮೆಚ್ಚಿನ ಕಾಲೇಜು ಕಳೆದುಹೋಗುತ್ತದೆ. ಆದ್ದರಿಂದ ಸೀಟು ದೊರೆತರೆ ನಿಜವಾಗಿಯೂ ಸೇರುವ ಆವರಣಗಳೆಷ್ಟೋ ಅಷ್ಟನ್ನೂ, ಮನಸ್ಸಿನಲ್ಲಿರುವ ಕ್ರಮದಲ್ಲಿಯೇ ನಮೂದಿಸುವುದು. ಹಾಸನ, ಚಿಂತಾಮಣಿ, ಭೀಮರಾಯನಗುಡಿ, ಮೂಡಿಗೆರೆ, ಪೊನ್ನಂಪೇಟೆ, ಅರಭಾವಿ ಮೊದಲಾದ ಆವರಣಗಳ ವಿಚಾರದಲ್ಲಿ ಪ್ರಯಾಣ, ವಿದ್ಯಾರ್ಥಿನಿಲಯ ಮತ್ತು ಖರ್ಚಿನ ಲೆಕ್ಕವನ್ನು ಮನೆಯವರು ಕೂಡಿ ಮೊದಲೇ ಮಾಡಿಕೊಳ್ಳುವುದು ಮೇಲು. ಸೀಟು ಬಂದ ಮೇಲೆ ಮಾಡುವ ಲೆಕ್ಕ ಬಹುತೇಕ ಜಗಳದಲ್ಲಿ ಮುಗಿಯುತ್ತದೆ.

ಹಿಂದಿನ ವರ್ಷದ ಕೊನೆಯ ರ್‍ಯಾಂಕುಗಳನ್ನು ನೋಡುವಾಗ ತಮ್ಮ ಪ್ರವರ್ಗದ ಅಂಕಣವನ್ನೇ ಗಮನಿಸತಕ್ಕದ್ದು. ಗ್ರಾಮೀಣ, ಕನ್ನಡ ಮಾಧ್ಯಮ ಮತ್ತು ಕೃಷಿಕರ ಕೋಟಾದ ಅಂಕಿಗಳು ಬೇರೆ ಬೇರೆ. ಕೃಷಿಕರ ಕೋಟಾಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಇರುತ್ತದೆ. ಸಂವಿಧಾನದ 371ಜೆ ಅನುಚ್ಛೇದದನ್ವಯ ಕಲ್ಯಾಣ ಕರ್ನಾಟಕದ ಶಿಕ್ಷಣ ಸಂಸ್ಥೆಗಳಲ್ಲಿ ಸ್ಥಳೀಯರಿಗೆ ಶೇ. 70 ಮೀಸಲಾತಿ ಇರುವುದರಿಂದ ರಾಯಚೂರು, ಕಲಬುರಗಿ ಆವರಣಗಳ ಅಂಕಿಗಳನ್ನು ಹೊರಜಿಲ್ಲೆಯವರು ಎಚ್ಚರದಿಂದ ಓದಬೇಕು.

ಅಣಕು ಹಂಚಿಕೆಯ ಫಲಿತಾಂಶವು ಸೀಟಿನ ಮೇಲೆ ಯಾವ ಹಕ್ಕನ್ನೂ ನೀಡುವುದಿಲ್ಲ. ಆದರೆ ಪಟ್ಟಿಯನ್ನು ತಿದ್ದಲು ಅದೊಂದು ಒಳ್ಳೆಯ ಅವಕಾಶ. ಅಣಕಿನಲ್ಲಿ ಯಾವ ಸೀಟೂ ಬಾರದಿದ್ದಲ್ಲಿ ಪಟ್ಟಿ ಚಿಕ್ಕದಾಯಿತೆಂದು ತಿಳಿದು, ನಿಗದಿತ ಅವಧಿಯೊಳಗೆ ಇಚ್ಛೆಗಳನ್ನು ಸೇರಿಸುವುದು. ಕೊನೆಯ ದಿನದ ಸಂಜೆಯವರೆಗೆ ಕಾಯಬಾರದು.

ಸೈಬರ್ ಕೇಂದ್ರಗಳಲ್ಲಿ ಪಟ್ಟಿ ತುಂಬುವವರು ಗುಪ್ತಪದವನ್ನು ಇತರರಿಗೆ ನೀಡದೆ ತಾವೇ ನಮೂದಿಸಿ, ಅಂತಿಮ ಪಟ್ಟಿಯ ಮುದ್ರಿತ ಪ್ರತಿಯನ್ನು ಸಾಲು ಸಾಲಾಗಿ ಪರಿಶೀಲಿಸಿ ಇಟ್ಟುಕೊಳ್ಳತಕ್ಕದ್ದು.