ದೇವರ ಹೊಲಕ್ಕೆ ಕಾಗದ ಕೇಳಿದ ಕಂಪನಿ

ಗದಗದ ಹತ್ತಿರದ ಹೊಂಬಳ ಊರನ್ನು 1192ರಲ್ಲಿ ಹೊಯ್ಸಳ ವೀರಬಲ್ಲಾಳ ಗದಗದ ಗುಡಿಯ ತ್ರಿಕೂಟೇಶ್ವರನಿಗೆ ದತ್ತಿ ಬಿಟ್ಟ. ಊರಿನ ಹುಟ್ಟುವಳಿಯಲ್ಲೇ ದೇವರ ಪೂಜೆ-ಪುನಸ್ಕಾರ ನಡೆಯಬೇಕು. ದತ್ತಿ ಕೆಡಿಸಿದವನಿಗೆ ಕಾಶಿಯಲ್ಲಿ ಕವಿಲೆ ಕೊಂದ ಪಾಪ ತಟ್ಟಲಿ ಎಂಬ ಶಾಪವೇ ಆಗಿನ ಶಾಸನಗಳ ಕಾವಲು.

ಈಸ್ಟ್ ಇಂಡಿಯಾ ಕಂಪನಿ ಸರ್ಕಾರಕ್ಕೆ ಶಾಪದ ಭಯವಿರಲಿಲ್ಲ. ಪೇಶ್ವೆ ಸೋತು 1818ರ ಹೊತ್ತಿಗೆ ಧಾರವಾಡ ಸೀಮೆ ಅದರ ಕೈಸೇರಿದಾಗ, ಗುಡಿ, ಮಠ, ದರ್ಗಾಗಳ ಇನಾಮು ಹೊಲಗಳೂ ವರ್ಷಾಸನಗಳೂ ಜತೆಗೇ ಬಂದವು. ಅವನ್ನು ಒಮ್ಮೆಗೇ ಕಿತ್ತುಕೊಳ್ಳುವ ಧೈರ್ಯ ಅದಕ್ಕಿರಲಿಲ್ಲ, ಸುಮ್ಮನೆ ಬಿಡುವ ಮನಸ್ಸೂ ಇರಲಿಲ್ಲ. 1852ರ 11ನೇ ಕಾಯ್ದೆಯ ಬಲದಿಂದ ಇನಾಮ್ ಕಮಿಷನ್ ಸನದು, ಅಂದರೆ ದತ್ತಿಯ ಪತ್ರ, ತೋರಿಸಿ ಎಂದು ಇನಾಮುದಾರರನ್ನು ಕೇಳಿತು. ಅಜ್ಜ-ಮುತ್ತಜ್ಜರ ಕಾಲದ ಕಾಗದ ಗೆದ್ದಲಿಗೆ ಬಿದ್ದಿದ್ದರೆ ಹೇಳಿಕೊಳ್ಳುವುದಾದರೂ ಯಾರಿಗೆ? ಹೆಚ್ಚು ಪೆಟ್ಟು ಬಿದ್ದದ್ದು ಮನೆತನದ ಇನಾಮುಗಳಿಗೆ. ಈ ಸೀಮೆಯಲ್ಲಿ ಹೊಗೆಯಾಡಿದ ಸಿಟ್ಟಿಗೆ, ಆಯುಧ ಕಸಿದುಕೊಂಡ ಕಾಯ್ದೆಯ ಜತೆ, ಇದೂ ಒಂದು ಕಾರಣ. 1858ರಲ್ಲಿ ಮುಂಡರಗಿಯ ಭೀಮರಾಯ ದಂಗೆಯೆದ್ದು ಕೊಪ್ಪಳದ ಕೋಟೆಯಲ್ಲಿ ಮಡಿದ. ಐದು ವರ್ಷದ ಮೇಲೆ, 1863ರಲ್ಲಿ, ಹಳೆಯ ಕಾಗದ ಕೆದಕುವುದನ್ನು ಬಿಟ್ಟು ಜೂಡಿ ಎಂಬ ಕಡಿಮೆ ಕಂದಾಯ ಕಟ್ಟಿಸಿಕೊಂಡು ಇನಾಮು ಕಾಯಂ ಮಾಡುವ ಕಾಯ್ದೆ ಬಂತು.

ಆದರೆ ಸುತ್ತಲಿನ ಊರೆಲ್ಲ ಕಂಪನಿಯದಾಗಿರಲಿಲ್ಲ: ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು. ಅಲ್ಲಿನ ಫಕೀರೇಶ್ವರ ಮಠಕ್ಕಾಗಲಿ ಸೋಮೇಶ್ವರನಿಗಾಗಲಿ ದೊರೆಗಳು ಪಟವರ್ಧನರು. ಗದಗದಿಂದ ಒಂದು ಹಗಲು ಚಕ್ಕಡಿ ಹೊಡೆದರೆ ದೇವರ ಲೆಕ್ಕ ಬರೆಯುವ ಸರ್ಕಾರವೇ ಬದಲಾಗುತ್ತಿತ್ತು.

ಇಷ್ಟೆಲ್ಲ ಕಾಗದ ಕೇಳಿದ ಸರ್ಕಾರ ತನ್ನ ಪಾದ್ರಿಗಳಿಗೆ ಸಂಬಳ ಕೊಡುತ್ತಿದ್ದದ್ದು ಈ ನಾಡಿನ ಬೊಕ್ಕಸದಿಂದಲೇ. 1813ರ ಚಾರ್ಟರ್ ಕಲ್ಕತ್ತೆಗೆ ಒಬ್ಬ ಬಿಷಪ್ಪನನ್ನೂ ಕೊಟ್ಟಿತು. ಎರೆಹೊಲದ ರೈತ ಕಟ್ಟಿದ ಕಂದಾಯವೂ ಆ ಬೊಕ್ಕಸಕ್ಕೇ ಸೇರುತ್ತಿತ್ತು. ಗುಡಿಗೆ ಕೊಟ್ಟರೆ ಹಳೆಯವರ ಋಣ, ಚರ್ಚಿಗೆ ಕೊಟ್ಟರೆ ಕರ್ತವ್ಯ: ಈ ತಕ್ಕಡಿ ನನಗಂತೂ ಸರಿ ಕಾಣುವುದಿಲ್ಲ. ಆದರೆ 1841ರಲ್ಲಿ ಬೆಟಗೇರಿಗೆ ಬಂದು ನೆಲೆ ಮಾಡಿದ ಬಾಸೆಲ್ ಮಿಷನ್ನಿನವರನ್ನು ಈ ಲೆಕ್ಕಕ್ಕೆ ಸೇರಿಸಬಾರದು. ಅವರು ಸರ್ಕಾರದ ಪಾದ್ರಿಗಳಲ್ಲ, ಸ್ವಿಟ್ಜರ್ಲೆಂಡಿನ ಸಂಸ್ಥೆಯವರು. ಇಲ್ಲಿನ ಸರ್ಕಾರಿ ಚರ್ಚಿಗೂ ಇಂಗ್ಲೆಂಡಿನ ಚರ್ಚಿಗೂ ಇದ್ದ ಕಾನೂನಿನ ನಂಟು ಕಳಚಿದ್ದು 1930ರಲ್ಲಿ.

ಸ್ವಾತಂತ್ರ್ಯದ ಮೇಲೆ ಬಂದ ಇನಾಮು ರದ್ದತಿ, 1974ರ ಭೂಸುಧಾರಣೆಗಳ ನಂತರ ಗುಡಿಗಳ ಎಷ್ಟೋ ಹೊಲ ಉಳುವವರ ಪಾಲಾಯಿತು. ನ್ಯಾಯವೇ. ಗುಡಿಗೆ ಉಳಿದದ್ದು ಸರ್ಕಾರ ಕೊಡುವ ವರ್ಷಕ್ಕಿಷ್ಟು ಎಂಬ ತಸ್ತೀಕು. ಹೊಲವಿದ್ದಾಗ ಜೋಳದ ಧಾರಣೆ ಏರಿದರೆ ದೇವರ ಎಣ್ಣೆ-ಬತ್ತಿಯ ದುಡ್ಡೂ ಏರುತ್ತಿತ್ತು. ತಸ್ತೀಕು ಏರಬೇಕಾದರೆ ಬೆಂಗಳೂರಿನಲ್ಲಿ ಆದೇಶ ಹೊರಡಬೇಕು.