ಕಾಲಿನ ಬಿಗಿ ಸಾಕ್ಸ್: ಅಳತೆ ಕೊಟ್ಟು ಕೊಳ್ಳಿ, ನಾಡಿ ತೋರಿಸಿ ಹಾಕಿ

ಚಿತ್ತಾಪುರ, ಸೇಡಂ, ವಾಡಿ, ಶಹಾಬಾದ್, ಚಿಂಚೋಳಿ ಭಾಗದ ನಮ್ಮ ಸಮಾಜದ ಅನೇಕ ಮನೆಗಳ ಜೀವನ ಅಂಗಡಿಯ ಸುತ್ತಲೇ ನಡೆಯುತ್ತದೆ. ಬಟ್ಟೆ ಇರಲಿ, ಕಿರಾಣಿ ಇರಲಿ, ಬೇಳೆ ವ್ಯಾಪಾರವಿರಲಿ, ಬೆಳಿಗ್ಗೆ ಬಾಗಿಲು ತೆರೆದರೆ ರಾತ್ರಿಯವರೆಗೆ ನಿಂತೇ ಇರಬೇಕು. ಮನೆಯಲ್ಲಿ ತಾಯಂದಿರು ಶಹಾಬಾದ್ ಕಲ್ಲಿನ ನೆಲದ ಮೇಲೆ ಒಲೆಯ ಮುಂದೆ ಗಂಟೆಗಟ್ಟಲೆ ನಿಲ್ಲುತ್ತಾರೆ. ಸಂಜೆಯಾಗುವಷ್ಟರಲ್ಲಿ ಕಾಲು ಭಾರ, ಪಾದದಲ್ಲಿ ಊತ, ಮೀನಖಂಡದ ಮೇಲೆ ನೀಲಿಯಾಗಿ ಉಬ್ಬಿದ ನರ. ಆಗ ಯಾರಾದರೂ ಹೇಳುತ್ತಾರೆ: "ಮೆಡಿಕಲ್‌ನಾಗ ಟೈಟ್ ಸಾಕ್ಸ್ ಸಿಗ್ತಾವ, ಒಂದು ಜೊತೆ ತಗೊಂಡು ಹಾಕ್ಕೊಳ್ರಿ."

ಸಲಹೆ ತಪ್ಪಲ್ಲ, ಆದರೆ ಅರ್ಧ ಮಾತ್ರ ಸರಿ. ಕಂಪ್ರೆಷನ್ ಸ್ಟಾಕಿಂಗ್ಸ್ ಎಂಬುದು ಬಟ್ಟೆಯ ರೂಪದಲ್ಲಿರುವ ಔಷಧ. ಔಷಧಕ್ಕೆ ಪ್ರಮಾಣವಿರುವಂತೆ ಇದಕ್ಕೆ ಅಳತೆಯಿದೆ. ಕೆಲವು ಔಷಧ ಕೆಲವರಿಗೆ ಆಗದಿರುವಂತೆ, ಇದನ್ನು ಹಾಕಲೇಬಾರದ ಕಾಲುಗಳೂ ಇವೆ.

ಇದು ಹೇಗೆ ಕೆಲಸ ಮಾಡುತ್ತದೆ?

ನಾವು "ನರ ಉಬ್ಬಿದೆ" ಎನ್ನುವುದು ನಿಜವಾಗಿ ನರವಲ್ಲ. ಅದು ರಕ್ತವನ್ನು ಹೃದಯಕ್ಕೆ ಮರಳಿ ಒಯ್ಯುವ ರಕ್ತನಾಳ, ಅಂದರೆ ಅಭಿಧಮನಿ. ಪಾದದಿಂದ ರಕ್ತ ಮೇಲಕ್ಕೆ ಏರಬೇಕು. ನಡೆಯುವಾಗ ಮೀನಖಂಡದ ಸ್ನಾಯು ಹಿಂಡಿ ರಕ್ತವನ್ನು ಮೇಲೆ ತಳ್ಳುತ್ತದೆ, ನಾಳದೊಳಗಿನ ಸಣ್ಣ ಕವಾಟಗಳು ಅದು ಕೆಳಗೆ ಜಾರದಂತೆ ತಡೆಯುತ್ತವೆ. ಅಲುಗಾಡದೆ ನಿಂತವರ ಕಣಕಾಲಿನ ಅಭಿಧಮನಿಯಲ್ಲಿ ಒತ್ತಡ ಸುಮಾರು 80ರಿಂದ 90 ಮಿಲಿಮೀಟರ್ ಪಾದರಸದಷ್ಟಿರುತ್ತದೆ. ಆರೋಗ್ಯವಂತರು ನಡೆಯತೊಡಗಿದರೆ ಅದು 30ರ ಆಸುಪಾಸಿಗೆ ಇಳಿಯುತ್ತದೆ. ಕವಾಟ ಕೆಟ್ಟವರಲ್ಲಿ ಇಳಿಯುವುದಿಲ್ಲ. ರಕ್ತ ಕೆಳಗೇ ನಿಂತು ನಾಳ ಉಬ್ಬುತ್ತದೆ, ಊತ ಬರುತ್ತದೆ, ಚರ್ಮ ಕಪ್ಪಾಗುತ್ತದೆ, ಕೊನೆಗೆ ಹುಣ್ಣಾಗುತ್ತದೆ.

ಬಿಗಿ ಸಾಕ್ಸ್ ಕಣಕಾಲಿನ ಬಳಿ ಹೆಚ್ಚು, ಮೇಲೆ ಹೋದಂತೆ ಕಡಿಮೆ ಒತ್ತುವಂತೆ ನೇಯ್ದಿರುತ್ತದೆ. ಈ ಕ್ರಮವನ್ನು 1950ರ ಸುಮಾರಿಗೆ ರೂಪಿಸಿದವರು ಅಮೆರಿಕದ ಎಂಜಿನಿಯರ್ ಕಾನ್ರಾಡ್ ಜಾಬ್ಸ್ಟ್. ಸ್ವತಃ ಅವರಿಗೇ ಕಾಲಿನ ಹುಣ್ಣಿನ ತೊಂದರೆಯಿತ್ತು. ಈಜುಕೊಳದ ನೀರಿನಲ್ಲಿ ನಿಂತಾಗ ನೋವು ಕಡಿಮೆಯಾಗುವುದನ್ನು ಅವರು ಗಮನಿಸಿದರು. ನೀರಿನ ಒತ್ತಡ ಕೆಳಗೆ ಹೆಚ್ಚು, ಮೇಲೆ ಕಡಿಮೆ. ಅದನ್ನೇ ಬಟ್ಟೆಯಲ್ಲಿ ತಂದರು.

ಯಾರು ಹಾಕಬಾರದು?

ಕೊಳ್ಳುವ ಮುನ್ನ ಕೇಳಬೇಕಾದ ಮೊದಲ ಪ್ರಶ್ನೆ ಇದು. ಬಿಗಿ ಸಾಕ್ಸ್ ಮೇಲಕ್ಕೆ ಹೋಗುವ ರಕ್ತಕ್ಕೆ ಸಹಾಯ ಮಾಡುತ್ತದೆ. ಆದರೆ ಪಾದಕ್ಕೆ ಇಳಿದು ಬರುವ ರಕ್ತವೇ ಕಡಿಮೆಯಿದ್ದರೆ ಅದನ್ನೂ ಒತ್ತಿ ನಿಲ್ಲಿಸಬಹುದು. ಬೆರಳು ಕಪ್ಪಾಗಿ ಕತ್ತರಿಸಬೇಕಾದ ಸ್ಥಿತಿಯೂ ಬರಬಹುದು. ಅನೇಕ ವರ್ಷಗಳಿಂದ ಸಕ್ಕರೆ ಕಾಯಿಲೆ ಇರುವವರು, ಬೀಡಿ-ಸಿಗರೇಟು ಸೇದುವವರು, ಸ್ವಲ್ಪ ನಡೆದರೆ ಮೀನಖಂಡ ಹಿಡಿದು ನಿಲ್ಲಬೇಕಾಗುವವರು, ಪಾದ ಸದಾ ತಣ್ಣಗಿರುವವರು ವೈದ್ಯರನ್ನು ಕೇಳದೆ ಇದನ್ನು ಹಾಕಲೇಬಾರದು.

ವೈದ್ಯರು ಪಾದದ ಮೇಲೆ ಮತ್ತು ಒಳಗಣ್ಣಿನ ಹಿಂದೆ ನಾಡಿ ಮುಟ್ಟಿ ನೋಡುತ್ತಾರೆ. ಅನುಮಾನವಿದ್ದರೆ ಕಣಕಾಲಿನ ರಕ್ತದೊತ್ತಡವನ್ನು ತೋಳಿನ ಒತ್ತಡದೊಂದಿಗೆ ಹೋಲಿಸುತ್ತಾರೆ. ಈ ಅನುಪಾತ 0.9ಕ್ಕಿಂತ ಕಡಿಮೆಯಿದ್ದರೆ ಧಮನಿ ಕಿರಿದಾಗಿದೆ ಎಂದರ್ಥ, 0.5ಕ್ಕಿಂತ ಕಡಿಮೆಯಿದ್ದರೆ ಬಿಗಿ ಸಾಕ್ಸ್ ಅಪಾಯ. ಸಕ್ಕರೆ ಕಾಯಿಲೆಯವರ ಧಮನಿಗಳು ಗಟ್ಟಿಯಾಗಿರುವುದರಿಂದ ಈ ಅಂಕಿ ಸುಳ್ಳಾಗಿ ಹೆಚ್ಚು ತೋರಬಹುದು, ಅವರಿಗೆ ಡಾಪ್ಲರ್ ಪರೀಕ್ಷೆ ಬೇಕಾಗಬಹುದು. ಪಾದ ಜೋಮು ಹಿಡಿದು ಸ್ಪರ್ಶ ತಿಳಿಯದವರಿಗೆ ಸಾಕ್ಸ್ ಒತ್ತಿ ಗಾಯವಾದರೂ ಗೊತ್ತಾಗುವುದಿಲ್ಲ. ಹೃದಯ ಬಹಳ ದುರ್ಬಲವಾಗಿರುವವರು, ಕಾಲಿನಲ್ಲಿ ಕೀವು ಅಥವಾ ಸೋಂಕು ಇರುವವರು ಸಹ ವೈದ್ಯರ ಒಪ್ಪಿಗೆಯಿಲ್ಲದೆ ಹಾಕಬಾರದು.

ಊತಕ್ಕೆ ಕಾರಣ ಒಂದೇ ಅಲ್ಲ

ಎರಡೂ ಕಾಲು ಊದುತ್ತಿದ್ದರೆ ಹೃದಯ, ಮೂತ್ರಪಿಂಡ, ಯಕೃತ್ತಿನ ತೊಂದರೆ ಇರಬಹುದು. ಬಿ.ಪಿ.ಗೆ ತೆಗೆದುಕೊಳ್ಳುವ ಆಮ್ಲೋಡಿಪಿನ್ ಮಾತ್ರೆಯಿಂದಲೂ ಪಾದ ಊದಬಹುದು. ನಮ್ಮ ಕಲಬುರಗಿ ಜಿಲ್ಲೆ ಆನೆಕಾಲು ರೋಗ ಕಂಡುಬರುವ ಜಿಲ್ಲೆಗಳಲ್ಲಿ ಒಂದು ಎಂಬುದನ್ನೂ ಮರೆಯಬಾರದು. ಸೊಳ್ಳೆಯಿಂದ ಹರಡುವ ಈ ರೋಗದಲ್ಲಿ ಊತಕ್ಕೆ ಕಾರಣ ಅಭಿಧಮನಿಯಲ್ಲ, ದುಗ್ಧರಸ ನಾಳ. ಅದಕ್ಕೆ ಪಾದದ ನಿತ್ಯ ಶುಚಿ, ವ್ಯಾಯಾಮ, ಬೇರೆ ಬಗೆಯ ಪಟ್ಟಿ ಬೇಕು. ಅಂಗಡಿಯ ಸಾಮಾನ್ಯ ಸಾಕ್ಸ್ ಸಾಲದು. ಆರೋಗ್ಯ ಇಲಾಖೆಯವರು ಮನೆಗೆ ಬಂದು ಮಾತ್ರೆ ಕೊಟ್ಟಾಗ ಅವರ ಸೂಚನೆಯಂತೆ ತಪ್ಪದೆ ನುಂಗಿ.

ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ, ಮೀನಖಂಡ ಬಿಸಿಯಾಗಿ ನೋಯುತ್ತಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಸಾಕ್ಸ್ ಹಾಕಬೇಡಿ, ಎಣ್ಣೆ ಹಚ್ಚಿ ತಿಕ್ಕಬೇಡಿ, ಅಂದೇ ಆಸ್ಪತ್ರೆಗೆ ಹೋಗಿ. ಜೊತೆಗೆ ಎದೆನೋವು, ಉಸಿರು ಕಟ್ಟುವುದು ಕಂಡರೆ ಕೂಡಲೇ 108ಕ್ಕೆ ಕರೆ ಮಾಡಿ.

ಅಳತೆ ಮತ್ತು ಒತ್ತಡ

ಬೆಳಿಗ್ಗೆ ಎದ್ದ ಕೂಡಲೇ, ಊತ ಬರುವ ಮೊದಲೇ ಅಳತೆ ತೆಗೆಯಬೇಕು. ಕಣಕಾಲಿನ ಗಂಟಿನ ಮೇಲಿನ ಅತಿ ಸಣ್ಣ ಸುತ್ತಳತೆ, ಮೀನಖಂಡದ ಅತಿ ದೊಡ್ಡ ಸುತ್ತಳತೆ, ನೆಲದಿಂದ ಮೊಣಕಾಲಿನ ಹಿಂಬದಿಯ ಮಡಿಕೆಯವರೆಗಿನ ಉದ್ದ: ಈ ಮೂರನ್ನೂ ಎರಡೂ ಕಾಲಿಗೆ ಬೇರೆಬೇರೆಯಾಗಿ ಬರೆದುಕೊಳ್ಳಿ. ಚಪ್ಪಲಿ ನಂಬರ್ ಹೇಳಿ ಕೊಂಡರೆ ಸರಿಯಾಗುವುದಿಲ್ಲ. ಹೆಚ್ಚಿನವರಿಗೆ ಮೊಣಕಾಲಿನವರೆಗಿನದೇ ಸಾಕು.

ಪೊಟ್ಟಣದ ಮೇಲೆ ಒತ್ತಡದ ಅಂಕಿ ಇರುತ್ತದೆ. 15-20 ಎಂದಿದ್ದರೆ ಕಾಲು ಸೋಲುವವರಿಗೆ, ದೂರ ಪ್ರಯಾಣಕ್ಕೆ. 20-30 ಎಂದಿದ್ದರೆ ಉಬ್ಬಿದ ನಾಳ, ಊತ ಇರುವವರಿಗೆ ವೈದ್ಯರ ಸಲಹೆಯಂತೆ. ಅದಕ್ಕಿಂತ ಹೆಚ್ಚಿನದು ತಜ್ಞರು ಬರೆದುಕೊಟ್ಟರೆ ಮಾತ್ರ. ಅಂಕಿಯೇ ಇಲ್ಲದ ಸಾಕ್ಸ್ ಕೊಳ್ಳಬೇಡಿ. ಇವನ್ನು ಸಾಮಾನ್ಯವಾಗಿ ನೈಲಾನ್, ಹತ್ತಿ ಮತ್ತು ಹಿಗ್ಗುವ ಎಳೆಯಿಂದ ಮಾಡುತ್ತಾರೆ. ಕೆಲವದರಲ್ಲಿ ಉಣ್ಣೆ ಬೆರೆತಿರುವುದೂ ಉಂಟು. ಬೇಡವೆನ್ನುವವರು ಚೀಟಿ ಓದಿ ಕೊಳ್ಳಬಹುದು.

ಹಾಕುವ ಕ್ರಮ

ಹಾಸಿಗೆಯಿಂದ ಇಳಿಯುವ ಮೊದಲೇ ಹಾಕುವುದು ಉತ್ತಮ. ನಮ್ಮ ಮನೆಗಳಲ್ಲಿ ಬೆಳಿಗ್ಗೆ ಸ್ನಾನ, ಬಸದಿಯ ದರ್ಶನ, ಪೂಜೆ ಮುಗಿಯದೆ ಇದು ಆಗುವುದಿಲ್ಲ. ಹಾಗಿದ್ದರೆ ಮನೆಗೆ ಬಂದು 15 ನಿಮಿಷ ಕಾಲನ್ನು ದಿಂಬಿನ ಮೇಲೆ ಎತ್ತಿಟ್ಟು ಮಲಗಿ, ಊತ ಇಳಿದ ಮೇಲೆ ಹಾಕಿ.

ಕಾಲು ಒಣಗಿರಲಿ. ಎಣ್ಣೆ, ಮುಲಾಮು ಹಚ್ಚುವುದಾದರೆ ರಾತ್ರಿ ಹಚ್ಚಿ; ಬೆಳಿಗ್ಗೆ ಹಚ್ಚಿದರೆ ಸಾಕ್ಸ್ ಏರುವುದಿಲ್ಲ, ಎಳೆಯೂ ಹಾಳಾಗುತ್ತದೆ. ಕಾಲುಚೈನು ತೆಗೆದಿಡಿ. ಕಾಲುಂಗುರ ತೆಗೆಯಲು ಮನಸ್ಸಿಲ್ಲದಿದ್ದರೆ ಬೆರಳು ತೆರೆದಿರುವ ಸಾಕ್ಸ್ ಆರಿಸಿ. ಸಾಕ್ಸ್‌ನೊಳಗೆ ಕೈ ಹಾಕಿ ಹಿಮ್ಮಡಿಯವರೆಗೆ ಒಳಹೊರಗು ಮಾಡಿ, ಪಾದ ಸೇರಿಸಿ, ಹಿಮ್ಮಡಿ ಸರಿಯಾಗಿ ಕೂತ ಮೇಲೆ ಸ್ವಲ್ಪಸ್ವಲ್ಪವಾಗಿ ಮೇಲೆ ತನ್ನಿ. ಪಾತ್ರೆ ತೊಳೆಯುವ ರಬ್ಬರ್ ಕೈಗವಸು ಹಾಕಿಕೊಂಡರೆ ಸುಲಭ. ಮೇಲಂಚು ಮೊಣಕಾಲಿನ ಮಡಿಕೆಗಿಂತ ಎರಡು ಬೆರಳು ಕೆಳಗಿರಬೇಕು. ಉದ್ದವಾಯಿತೆಂದು ಅಂಚನ್ನು ಮಡಚಬಾರದು: ಮಡಚಿದ ಕಡೆ ಒತ್ತಡ ಎರಡು ಪಟ್ಟಾಗಿ ಅದೇ ಹಗ್ಗದಂತೆ ಬಿಗಿಯುತ್ತದೆ.

ರಾತ್ರಿ ಮಲಗುವಾಗ ತೆಗೆದು ಪಾದ, ಹಿಮ್ಮಡಿ, ಬೆರಳ ಸಂದು ನೋಡಿ. ಹಿರಿಯರಿಗೆ ಬಗ್ಗಲಾಗದಿದ್ದರೆ ಮಕ್ಕಳು, ಸೊಸೆಯಂದಿರು ನೋಡಲಿ. ಬೆರಳು ಬಿಳಿಚಿದರೆ, ನೀಲಿಯಾದರೆ, ಜೋಮು ಹಿಡಿದರೆ, ನೋವು ಹೆಚ್ಚಾದರೆ ತಕ್ಷಣ ತೆಗೆದು ವೈದ್ಯರಿಗೆ ತೋರಿಸಿ. ಹಾಸಿಗೆ ಹಿಡಿದವರಿಗೆ ಮನೆಯವರೇ ಸಾಕ್ಸ್ ಹಾಕಿಬಿಡುವುದು ಸರಿಯಲ್ಲ. 2009ರಲ್ಲಿ ಪ್ರಕಟವಾದ, ಪಾರ್ಶ್ವವಾಯುವಿನ 2,500ಕ್ಕೂ ಹೆಚ್ಚು ರೋಗಿಗಳ ಅಧ್ಯಯನದಲ್ಲಿ ತೊಡೆಯವರೆಗಿನ ಸಾಕ್ಸ್‌ನಿಂದ ರಕ್ತ ಹೆಪ್ಪುಗಟ್ಟುವುದು ಕಡಿಮೆಯಾಗಲಿಲ್ಲ, ಚರ್ಮದ ಗಾಯ ಮಾತ್ರ ಹೆಚ್ಚಾಯಿತು.

ಪೂಜೆ, ಯಾತ್ರೆ, ಉಪವಾಸ

ಮಳಖೇಡದ ನೇಮಿನಾಥ ಬಸದಿಯಂತಹ ಕಡೆ ಅಭಿಷೇಕಕ್ಕೆ ಹೆಚ್ಚು ಹೊತ್ತು ನಿಲ್ಲುವಾಗ ಸಾಕ್ಸ್ ಇರುವುದಿಲ್ಲ. ಆಗ ಹಿಮ್ಮಡಿ ಎತ್ತಿ ಇಳಿಸುತ್ತಿರಿ, ಮಧ್ಯೆ ಕುಳಿತುಕೊಳ್ಳಿ. ವಾಡಿಯಿಂದ ಬೆಂಗಳೂರು ಮಾರ್ಗವಾಗಿ ಶ್ರವಣಬೆಳಗೊಳಕ್ಕೆ, ಇಲ್ಲವೇ ಸಮ್ಮೇದ ಶಿಖರ್ಜಿಗೆ ಹೊರಟವರು ಕುಳಿತಿರುವಷ್ಟು ಹೊತ್ತು ಹಾಕಿ, ಬರ್ತ್‌ನಲ್ಲಿ ಮಲಗುವಾಗ ತೆಗೆಯಬಹುದು. ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಿರಿ. ವಿಂಧ್ಯಗಿರಿಯ ನುಣುಪು ಬಂಡೆಯ ಮೇಲೆ ನೈಲಾನ್ ಜಾರುತ್ತದೆ. ಅಲ್ಲಿ ಪಾದ ಮುಚ್ಚದ ಬಗೆಯದನ್ನು ಬಳಸಿ ಅಥವಾ ತೆಗೆದು ಹತ್ತಿ.

ದಶಲಕ್ಷಣ, ಪರ್ಯೂಷಣದಲ್ಲಿ ನಿರ್ಜಲ ಉಪವಾಸ ಮಾಡುವವರು ಹಿಂದೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ, ಮೂತ್ರದ ಮಾತ್ರೆ ಅಥವಾ ರಕ್ತ ತೆಳುಗೊಳಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ವೈದ್ಯರೊಂದಿಗೆ ಮಾತನಾಡಿ. ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬೇಡಿ.

ಒಗೆತ ಮತ್ತು ಬದಲಾವಣೆ

ಎರಡು ಜೊತೆ ಇಟ್ಟುಕೊಳ್ಳಿ. ದಿನವೂ ಉಗುರುಬೆಚ್ಚಗಿನ ನೀರಿನಲ್ಲಿ ಸೌಮ್ಯ ಸೋಪಿನಿಂದ ಒಗೆಯಿರಿ. ಹಿಂಡಬೇಡಿ, ಟವಲಿನಲ್ಲಿ ಸುತ್ತಿ ಒತ್ತಿ, ನೆರಳಿನಲ್ಲಿ ಒಣಗಿಸಿ. ನಮ್ಮ ಭಾಗದ ಬೇಸಿಗೆ ಬಿಸಿಲಿಗೆ ಹಾಕಿದರೆ ಎಳೆ ಬೇಗ ಸಡಿಲವಾಗುತ್ತದೆ. ದಿನಾ ಹಾಕುವವರು 4ರಿಂದ 6 ತಿಂಗಳಿಗೆ ಬದಲಿಸಬೇಕು. ಸಲೀಸಾಗಿ ಏರತೊಡಗಿದರೆ ಅದರ ಕೆಲಸ ಮುಗಿದಂತೆ.

ಸಾಕ್ಸ್ ಹಾಕಿದ ಮಾತ್ರಕ್ಕೆ ಕೆಟ್ಟ ಕವಾಟ ಸರಿಯಾಗುವುದಿಲ್ಲ. ಬ್ರಿಟನ್ನಿನಲ್ಲಿ ಕಾಲಿನ ಹುಣ್ಣಿದ್ದ 500 ಜನರ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಿಗಿತದ ಚಿಕಿತ್ಸೆ ಮಾತ್ರ ಪಡೆದವರಲ್ಲಿ ಒಂದು ವರ್ಷದೊಳಗೆ ಶೇ 28ರಷ್ಟು ಮಂದಿಗೆ ಹುಣ್ಣು ಮರಳಿತು. ಜೊತೆಗೆ ನಾಳದ ಶಸ್ತ್ರಚಿಕಿತ್ಸೆಯೂ ಆದವರಲ್ಲಿ ಶೇ 12ರಷ್ಟು ಮಾತ್ರ. ಆದ್ದರಿಂದ ಕಣಕಾಲಿನ ಚರ್ಮ ಕಪ್ಪಾಗಿದ್ದರೆ, ಹುಣ್ಣು ಆರಿ ಮತ್ತೆ ಬರುತ್ತಿದ್ದರೆ ಸಾಕ್ಸ್ ಒಂದನ್ನೇ ನಂಬಿ ಕೂರದೆ ತಜ್ಞರಿಗೆ ತೋರಿಸಬೇಕು.

ಮನೆಯ ಹಿರಿಯರಿಗೆ ಈ ಸಾಕ್ಸ್ ತಂದುಕೊಡಬೇಕೆಂದಿರುವ ಮಕ್ಕಳು ಮೊದಲು ಅವರನ್ನು ಒಮ್ಮೆ ಆಸ್ಪತ್ರೆಗೆ ಕರೆದೊಯ್ದು ಪಾದದ ನಾಡಿ ತೋರಿಸಲಿ. ಮರುದಿನ ಬೆಳಿಗ್ಗೆ ಟೇಪು ಹಿಡಿದು ಅಳತೆ ಬರೆದುಕೊಳ್ಳಲಿ. ಅಂಗಡಿಗೆ ಹೋಗುವುದು ಅದಾದ ಮೇಲೆ.